ಗೆದ್ದಲು ತಿನ್ನದ ಸೀರೆ

ಎದುರುಮನೆ ಅವ್ವನ ಎಡಗೈ ತೋರುಬೆರಳ ತುದಿ ಜರಡಿಯಂತಿತ್ತು. ಸೂಜಿ ಚುಚ್ಚಿ ಚುಚ್ಚಿ ಅಲ್ಲಿನ ಚರ್ಮ ಎಷ್ಟು ದಡ್ಡುಗಟ್ಟಿತ್ತೆಂದರೆ, ಹಂಚಿನ ಮೇಲಿನ ರೊಟ್ಟಿಯನ್ನೂ ಅದರಿಂದಲೇ ತಿರುವುತ್ತಿದ್ದರು. ದಾವಣಗೆರೆಯ ನಮ್ಮ ಓಣಿಯ ಹಳೆ ಬಟ್ಟೆಯೆಲ್ಲ ಅವರ ಕೈಯಲ್ಲಿ ಕೌದಿಯಾಗುತ್ತಿತ್ತು. ಕೊನೆಯ ಮೂಲೆ ಹೊಲಿಯುವ ಮುಂಚೆ ಅದರೊಳಗೆ ನಾಲ್ಕು ಜೋಳದ ಕಾಳು ಹಾಕುತ್ತಿದ್ದರು. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ. ಯಾರಾದರೂ ನಕ್ಕರೆ, "ನೀ ಒಂದಿನ ಉಪಾಸ ಮಲಗು, ಗೊತ್ತಾಗ್ತೈತೆ" ಎನ್ನುವರು.

ಅರವತ್ತರ ದಶಕದ ಆರಂಭದ ಒಂದು ಚಳಿಗಾಲ. ಟಿಬೆಟ್ಟಿನ ಕಾಳಗಕ್ಕೆ ಮನೆಮಠ ಬಿಟ್ಟು, ಹಿಮದ ಬೆಟ್ಟ ದಾಟಿ ಬಂದ ಕುಟುಂಬಗಳು ರೈಲಿನಲ್ಲಿ ಮೈಸೂರು ಕಡೆ ಹೋಗುತ್ತಿವೆ, ಹರಿಹರದಲ್ಲಷ್ಟೇ ಗಾಡಿ ನಿಲ್ಲುತ್ತದೆ, ಮಕ್ಕಳಿಗೆ ಹೊದಿಕೆ ಬೇಕು ಎಂದು ಶಾಲೆಯ ಮಾಸ್ತರರು ಬಂದು ಹೇಳಿದರು. ಅವ್ವ ಅಂದೇ ಮನೆಮನೆಗೆ ಹೊರಟರು. ಒಳಗೆ ಎಂಥ ಚಿಂದಿಯಾದರೂ ನಡೆಯುತ್ತಿತ್ತು. ಮಗುವಿನ ಮೈಗೆ ತಾಗುವ ಪದರ ಮಾತ್ರ ಹೆತ್ತವಳೊಬ್ಬಳು ಉಟ್ಟ ಸೀರೆಯೇ ಆಗಬೇಕು.

ನನ್ನ ತಾಯಿ ತೀರಿಕೊಂಡು ಆಗಷ್ಟೇ ವರ್ಷವಾಗಿತ್ತು. ಅವರ ಹಸಿರು ಇಳಕಲ್ ಸೀರೆ ನನ್ನ ಟ್ರಂಕಿನಲ್ಲಿತ್ತು.

"ನಿಮ್ಮವ್ವಂದೊಂದು ಸೀರೆ ಐತಲ್ಲ?" ಎಂದು ಎದುರುಮನೆ ಅವ್ವ ಕೇಳಿದರು.

ಗೆದ್ದಲು ತಿಂದಿತ್ತು, ಎಸೆದೆ ಎಂದುಬಿಟ್ಟೆ. ಅವ್ವ ಟ್ರಂಕಿನ ಕಡೆ ನೋಡಲೂ ಇಲ್ಲ. ಹೋಗಲಿ ಬಿಡು ಎಂದು ಎದ್ದರು.

ಹರಿಹರಕ್ಕೆ ನಾನೂ ಹೋಗಿದ್ದೆ. ಚಳಿಗೆ ಕೆನ್ನೆ ಒಡೆದ ಕೂಸೊಂದಕ್ಕೆ ಅವ್ವ ರೈಲಿನ ಕಿಟಕಿಯಲ್ಲಿ ಕೊನೆಯ ಕೌದಿ ಕೊಟ್ಟರು. ಅದರ ಮೈಗೆ ತಾಗುವ ಪದರ ನೋಡಿದರೆ, ತಮ್ಮನ್ನು ಮಣ್ಣು ಮಾಡುವಾಗ ಉಡಿಸಲೆಂದು ಎತ್ತಿಟ್ಟುಕೊಂಡಿದ್ದ ಕೆಂಪು ಸೀರೆ! ಕೂಸಿನ ತಾಯಿ ಮೂಲೆಯ ಕಾಳು ಹಿಚುಕಿ ನೋಡಿ, ಇದೇನೆಂಬಂತೆ ಹುಬ್ಬೇರಿಸಿದಳು. ಅವ್ವ ಉಣ್ಣುವಂತೆ ಕೈಮಾಡಿ ತೋರಿಸಿದರು. ಅವಳು ನಕ್ಕಳು. ಗಾಡಿ ಹೊರಟಿತು.

ವಾಪಸು ಬರುವಾಗ ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ, ಆ ಸೀರೆ ಯಾಕೆ ಹರಿದಿರಿ ಎಂದು.

"ಮಣ್ಣಿಗೆ ಚಳಿ ಆಗಲ್ಲ" ಎಂದರು. ಹರಿಹರದ ಮನೆಗಳೆಲ್ಲ ಹಿಂದಾದ ಮೇಲೆ ಮೆಲ್ಲಗೆ, "ತಾಯಿ ಸೀರೆ ಬಿಡೋದು ಸುಲಭ ಅಲ್ಲ ಮಗಳೆ. ಮನಸಾದಾಗ ಕೊಡು" ಎಂದರು.

ಅವರಿಗೆ ಗೊತ್ತಿತ್ತು. ಮನಸ್ಸಾಗಲಿಲ್ಲವೆಂದಲ್ಲ. ಕೊಟ್ಟರೆ ಸುಳ್ಳನ್ನೂ ಒಪ್ಪಿಕೊಳ್ಳಬೇಕಲ್ಲ ಎಂದು ನಾಳೆ, ನಾಡಿದ್ದು ಎನ್ನುತ್ತಾ ಎರಡು ವರ್ಷ ದೂಡಿದೆ.

ಅವ್ವ ತೀರಿಕೊಂಡ ದಿನ ಅವರ ಪೆಟ್ಟಿಗೆಯಲ್ಲಿ ಉಡಿಸುವಂಥ ಸೀರೆ ಒಂದೂ ಇರಲಿಲ್ಲ. ನಾನು ಟ್ರಂಕು ತೆರೆದೆ. ಸೆರಗಿನ ತುದಿಗೆ ನಾಲ್ಕು ಜೋಳದ ಕಾಳು ಕಟ್ಟಿದೆ. ಉಡಿಸುತ್ತಿದ್ದ ಹೆಂಗಸೊಬ್ಬರು ಸೀರೆಯನ್ನು ಬೆಳಕಿಗೆ ಹಿಡಿದು, "ಏನ್ ಗಟ್ಟಿ ಐತೆ ನೋಡ್ರಿ, ಒಂದು ತೂತಿಲ್ಲ" ಎಂದರು.

ಒಂದು ಕೂಸಿನ ಎಷ್ಟೋ ಚಳಿಗಾಲಕ್ಕೆ ಅದು ಬಾಳುತ್ತಿತ್ತು.