ಮೊಳೆ ಹೊಡೆದ ಗಾಳಿ

ಚನ್ನಗಿರಿ ಬಸ್‌ಸ್ಟ್ಯಾಂಡಿನ ಮುಂದೆ ತಳ್ಳುಗಾಡಿಯ ಮೇಲೆ ಸೀತಾಫಲ ಬಂದಿವೆ. ಅಡಿಕೆ ಬೇಯಿಸುವ ಈ ದಿನಗಳಲ್ಲಿ ನಮ್ಮೂರಲ್ಲಿ ಇನ್ನೊಂದು ವಾಸನೆ ಮೂಗಿನವರೆಗೆ ಬರುವುದೇ ಕಷ್ಟ. ಆದರೂ ಕಣ್ಣುಬಿಟ್ಟ ಹಣ್ಣಿನ ಆ ಸಿಹಿ ವಾಸನೆ ಬಂತೆಂದರೆ ನನಗೆ ತಕ್ಷಣ ದೆವ್ವದ ನೆನಪಾಗುತ್ತದೆ. ಹೆದರಬೇಡಿ, ನನಗೇನೂ ಹಿಡಿದಿಲ್ಲ. ಹಿಡಿದದ್ದು ಜಗಳೂರು ಕಡೆಯ ಒಂದು ಗುಡ್ಡಕ್ಕೆ.

ಆ ಗುಡ್ಡದ ಬುಡದಲ್ಲಿ ನನ್ನ ಸೋದರತ್ತೆ ಗೌರತ್ತೆಯ ಊರು. ಗಂಡ ಹೋದ ಮೇಲೆ ಅವಳು ಬದುಕಿದ್ದು ಗುಡ್ಡದ ಸೀತಾಫಲದಿಂದ. ಹೆಂಗಸರ ಗುಂಪು ಕಟ್ಟಿಕೊಂಡು ಹಣ್ಣು ಕಿತ್ತು ತಂದು ಸಂತೆಗೆ ಹಾಕುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಊರಿಗೆ ಒಂದು ಸಂಸ್ಥೆ ಬಂತು. ಗುಡ್ಡದ ಕಮರ, ದಿಂಡಿಗದ ಮರಗಳನ್ನು ಊರವರು ಕಾಯಬೇಕು, ಅದಕ್ಕೆ ಹೊರದೇಶದ ಕಂಪನಿಯೊಂದು ದುಡ್ಡು ಕೊಡುತ್ತದೆ ಎಂಬುದು ಯೋಜನೆ. ಗೌರತ್ತೆಯ ಗುಂಪಿಗೆ ಹಣ್ಣಿನ ತಿರುಳು ತೆಗೆಯುವ ಯಂತ್ರವೂ ಸಿಕ್ಕಿತು. ಅದಕ್ಕೆ ಅವಳು ಕುಂಕುಮ ಹಚ್ಚಿ ಸೆರಗಿನಿಂದ ಧೂಳು ಒರೆಸುತ್ತಿದ್ದಳು.

ಸಂಸ್ಥೆಯ ಮೇಡಂ ಒಳ್ಳೆಯವರು. ಇಂಗಾಲ ಗಿಂಗಾಲ ಎಂದರೆ ಜನಕ್ಕೆ ತಿಳಿಯದು ಎಂದು ಮೊದಲ ಸಭೆಯಲ್ಲೇ ಸರಳವಾಗಿ ಹೇಳಿದರು: "ಈ ಮರಗಳು ಕೆಟ್ಟ ಗಾಳಿಯನ್ನು ಹಿಡಿದು ಒಳಗೆ ಕಟ್ಟಿಹಾಕುತ್ತವೆ. ಕಡಿದರೆ ಆ ಗಾಳಿ ಹೊರಗೆ ಬರುತ್ತದೆ." ಮಾರನೇ ದಿನವೇ ಅವರ ಕಡೆಯವರು ಬಂದು ಒಂದೊಂದು ಮರಕ್ಕೂ ನಂಬರಿನ ತಗಡಿನ ಬಿಲ್ಲೆ ಇಟ್ಟು ಮೊಳೆ ಹೊಡೆದರು.

ಅಲ್ಲಿಗೆ ಮುಗಿಯಿತು ನೋಡಿ. ನಮ್ಮ ಕಡೆ ಗಾಳಿ ಹಿಡಿಯಿತು ಎಂದರೆ ದೆವ್ವ ಹಿಡಿಯಿತು ಎಂದೇ ಅರ್ಥ. ಹಿಡಿದ ಗಾಳಿಯನ್ನು ಬಿಡಿಸಿ, ಮರಕ್ಕೆ ಮೊಳೆ ಹೊಡೆದು ಕಟ್ಟಿಹಾಕುವುದು ಆ ಊರಿನ ರುದ್ರಜ್ಜನ ಕಸುಬು. ಮೇಡಂ ಆಡಿದ್ದು ಅಕ್ಷರಶಃ ರುದ್ರಜ್ಜನ ಮಾತು! ಹೊರದೇಶದ ದೆವ್ವಗಳನ್ನೆಲ್ಲ ತಂದು ನಮ್ಮ ಗುಡ್ಡದಲ್ಲಿ ಕಟ್ಟಿದ್ದಾರೆ ಎಂದು ಊರಿಗೆ ಊರೇ ನಂಬಿತು. ರುದ್ರಜ್ಜನಿಗೆ ಇದ್ದ ತಕರಾರು ಒಂದೇ: "ಮೊಳೆ ಸಣ್ಣದಾತು."

ಇಟ್ಟಿಗೆ ಗೂಡಿಗೆ ಸೌದೆ ಕಡಿಯುತ್ತಿದ್ದವರು ಕೊಡಲಿ ಕೆಳಗಿಟ್ಟರು. ಮರಗಳಿಗೆ ಇದಕ್ಕಿಂತ ದೊಡ್ಡ ಕಾವಲು ಬೇಕೆ? ಆದರೆ ಹಣ್ಣು ಕೀಳುವ ಹೆಂಗಸರೂ ಗುಡ್ಡ ಹತ್ತುವುದನ್ನು ಬಿಟ್ಟರು. ಹಣ್ಣು ಕಣ್ಣುಬಿಟ್ಟು, ಉದುರಿ, ಇರುವೆಗಳ ಪಾಲಾಗತೊಡಗಿತು. ಗೌರತ್ತೆಯ ವರ್ಷದ ಅನ್ನ ಅದು. ಸುದ್ದಿ ಕೇಳಿ ಹೋದಾಗ ಯಂತ್ರದ ಮುಂದೆ ಅವಳು ಕೈಕಟ್ಟಿ ಕೂತದ್ದು ನೋಡಿ ನನಗೆ ಸಂಕಟವಾಯಿತು.

ವಿಜ್ಞಾನದ ಮೇಷ್ಟ್ರಾಗಿ ಹೊಟ್ಟೆ ಹೊರೆದವನಲ್ಲವೆ, ಅರಳಿಕಟ್ಟೆಯಲ್ಲಿ ಎದ್ದು ನಿಂತು ದ್ಯುತಿಸಂಶ್ಲೇಷಣೆ ವಿವರಿಸಿದೆ. ಮುದುಕರೊಬ್ಬರು ಬಹಳ ಭಕ್ತಿಯಿಂದ "ಅದು ಯಾವ ಊರ ದೇವರು ಸಾರ್?" ಎಂದು ಕೇಳಿದರು. ಕೂತುಬಿಟ್ಟೆ.

ಗೌರತ್ತೆ ನನ್ನನ್ನು ನಂಬಿ ಕೂರಲಿಲ್ಲ. ಎಲೆಅಡಿಕೆ ಹಿಡಿದು ರುದ್ರಜ್ಜನ ಮನೆಗೆ ಹೋದಳು. ಏನು ಮಾತಾದವೋ, ಸಂಜೆ ಹೊತ್ತಿಗೆ ರುದ್ರಜ್ಜ ಕಟ್ಟೆಯ ಮೇಲೆ ತೀರ್ಪು ಕೊಟ್ಟ: "ಇದು ಕೊಡಲಿ ಗಾಳಿ ಕಣ್ರಪ್ಪಾ. ಕೊಡಲಿ ಹಿಡಿದೋರ ಮೈಮ್ಯಾಲೆ ಬರ್ತೈತೆ. ಹಣ್ಣು ಕೀಳಾಕೆ ಹೋಗೋರ ತಂಟೆಗೆ ಬರಂಗಿಲ್ಲ." ಮರುದಿನ ಬೆಳಿಗ್ಗೆ ಹೆಂಗಸರು ಬುಟ್ಟಿ ಹೊತ್ತು ಗುಡ್ಡ ಹತ್ತಿದರು. ಯಂತ್ರ ಗರಗರ ಎಂದಿತು.

ಸುದ್ದಿ ಮೇಡಂಗೆ ಮುಟ್ಟಿತು. ಅವರು ಲ್ಯಾಪ್‌ಟಾಪ್ ಸಮೇತ ಓಡಿ ಬಂದು ಸಭೆ ಕರೆದರು. ಮೂಢನಂಬಿಕೆಯ ಮೇಲೆ ಕಾಡು ಉಳಿಯಬಾರದು ಎಂಬುದು ಅವರ ನಿಲುವು. ಇಟ್ಟಿಗೆ ಗೂಡಿನ ಮಾಲೀಕ ಮುಂದಿನ ಸಾಲಿನಲ್ಲೇ ಕೂತಿದ್ದ. ದೆವ್ವವಿಲ್ಲ ಎಂದು ಮೇಡಂ ಬಾಯಲ್ಲಿ ಬಂದರೆ ಸಾಕು, ಮರುದಿನವೇ ಕೊಡಲಿಗಳು ಗುಡ್ಡ ಹತ್ತುತ್ತಿದ್ದವು, ಸೀತಾಫಲದ ಗಿಡವನ್ನೂ ಬಿಡುತ್ತಿರಲಿಲ್ಲ. ಗೌರತ್ತೆ ಎದ್ದಳು.

"ಗಾಳಿ ಅಲ್ಲಾಂದ್ರೆ ಮರದಾಗೆ ಐತಲ್ಲ, ಅದೇನ್ರೀ ಮೇಡಂ?"

"ಹೊಗೆ, ಅಮ್ಮ. ಆ ಕಂಪನಿಯವರು ಬಿಟ್ಟ ಹೊಗೆ."

"ಈಗ ಬಿಡಾದು ನಿಲ್ಲಿಸ್ಯಾರಾ?"

"ಪೂರ್ತಿ ಇಲ್ಲ. ನಿಧಾನವಾಗಿ ಕಡಿಮೆ ಮಾಡ್ತೀವಿ ಅಂದಿದ್ದಾರೆ."

"ನಮ್ಮ ರುದ್ರಜ್ಜನ ತಾವ ಗಾಳಿ ಹಿಡಿಸಿಕೊಂಡೋರೇ ಬಂದು ಕುಂದರಬೇಕು ರೀ. ಇನ್ನು ಆ ದಾರಿಗೆ ಹೋಗಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ದಕ್ಷಿಣೆ ಕಳಿಸಿ ಮನ್ಯಾಗೆ ಕುಂತ್ರೆ ಹೆಂಗೆ ಬಿಡ್ತೈತೆ?"

ನನ್ನ ಇಷ್ಟು ವರ್ಷದ ಪಾಠದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆನೇನೋ. ಮೇಡಂ ಅವಳನ್ನು ನೋಡಿದರು, ಗೂಡಿನ ಮಾಲೀಕನನ್ನು ನೋಡಿದರು, ಲ್ಯಾಪ್‌ಟಾಪ್ ಮುಚ್ಚಿದರು. "ಕೊಡಲಿ ತಗೊಂಡು ಮಾತ್ರ ಯಾರೂ ಹೋಗಬೇಡಿ" ಎಂದರು. ರುದ್ರಜ್ಜ ತಲೆಯಾಡಿಸಿದ. ಓದಿದವರೂ ಒಪ್ಪಿಕೊಂಡರಲ್ಲ ಎಂದು ಜನ ನಿರಾಳವಾಗಿ ಮನೆಗೆ ಹೋದರು.

ತಳ್ಳುಗಾಡಿಯ ಮುಂದೆ ಹಣ್ಣು ಒತ್ತಿ ನೋಡುತ್ತಿದ್ದಾಗಲೇ ಗೌರತ್ತೆಯ ಫೋನು ಬಂತು. ಕಂಪನಿಯ ದೊಡ್ಡವರು ಮರ ನೋಡಲು ಭಾನುವಾರ ಖುದ್ದಾಗಿ ಬರುತ್ತಿದ್ದಾರಂತೆ.

"ಹಿಡಿಸಿಕೊಂಡೋರು ಕೊನೆಗೂ ಬಂದ್ರು ನೋಡು ಅಳಿಯಾ. ರುದ್ರಜ್ಜಂಗೆ ಗಾಳಿ ಬಿಡಿಸಾಕೆ ಬೇವಿನ ಬರಲು ಕಟ್ಟಿ ಇಡು ಅಂದೀನಿ. ನೀನೂ ಬಾ."

ನಾನು ಜೋರಾಗಿ ನಕ್ಕೆ. ಊರಿಗೇ ಕೇಳುವಂತೆ ನಕ್ಕೆ.

"ನಗಬ್ಯಾಡ. ಒಬ್ಬನೇ ಹೊಗೆ ಬಿಟ್ಕೊಂತ ಅಷ್ಟುದ್ದ ಕಾರ್ ತಗೊಂಡು ಬರ್ತೀಯಲ್ಲ, ನಿನಗೂ ಒಂದು ಏಟು ಐತೆ."

ಭಾನುವಾರ ಜಗಳೂರಿಗೆ ಬೆಳಗಿನ ಮೊದಲ ಬಸ್ಸು ಎಷ್ಟೊತ್ತಿಗೆ ಎಂದು ಈಗಷ್ಟೇ ವಿಚಾರಿಸಿಕೊಂಡು ಬಂದೆ.