ಖಾಲಿ ಡಬ್ಬಿಯ ಮೊಕದ್ದಮೆ

ಕಾಯಿದೆ ಓದಲು ಶುರು ಮಾಡಿದ ಹೊಸದರಲ್ಲಿ ನನಗೆ ಕಂಡದ್ದೆಲ್ಲ ಅಪರಾಧವೇ. ಹಗಲು ಮುಂಬಯಿ ಪಕ್ಕದ ಠಾಣೆ ಶಹರದ ಒಂದು ಕಚೇರಿಯಲ್ಲಿ ಗುಮಾಸ್ತಿಕೆ, ಸಂಜೆ ಅಲ್ಲೇ ಕಾನೂನು ಕಾಲೇಜು, ಆಮೇಲೆ ಲೋಕಲ್ ರೈಲು ಹಿಡಿದು ಡೊಂಬಿವಲಿಯಲ್ಲಿ ಸಾಲುಖೋಲಿಗಳ ನಮ್ಮ ಚಾಳಿಗೆ. ಗಾಡಿಯಲ್ಲಿ ಯಾರಾದರೂ ಕಾಲು ತುಳಿದರೆ ನೋವಿಗಿಂತ ಮೊದಲು ಕುತೂಹಲ ಹುಟ್ಟುತ್ತಿತ್ತು: ಇದರಲ್ಲಿ ಉದ್ದೇಶ ಇತ್ತೇ, ಇರಲಿಲ್ಲವೇ? ಬರೀ ಕೃತ್ಯ ಸಾಲದು, ಕೆಟ್ಟ ಮನಸ್ಸೂ ಇರಬೇಕು, ಆಗಲೇ ಅಪರಾಧ ಎಂಬ ಮಾತು ನನಗೆ ವಿಪರೀತ ಹಿಡಿಸಿತ್ತು. ಊಟಕ್ಕೆ ಕೂತಾಗಲೂ ಅದೇ.

"ಸಾರಿಗೆ ಉಪ್ಪು ಹೆಚ್ಚಾಗೇದ. ಇದು ಕೃತ್ಯ. ಆದರ ನಿನ್ನ ಮನಸಿನ್ಯಾಗ ಏನಿತ್ತು ಹೇಳವ್ವಾ."

"ನಾಳೆ ಉಪ್ಪು ಹಾಕೂದೇ ಇಲ್ಲ. ಅವಾಗ ಗೊತ್ತಾಗ್ತದ ನಿನಗ," ಎನ್ನುತ್ತಿದ್ದಳು ಅವ್ವ.

ಆ ವರ್ಷ ಯುಗಾದಿ ಆಗಿ ಮೂರು ವಾರಕ್ಕೆ ನನ್ನ ಕೈಗೆ ನಿಜವಾದ ಮೊಕದ್ದಮೆಯೇ ಬಂತು. ಅಪ್ಪನ ಹೆಸರು ಕೊರೆಸಿದ ಸ್ಟೀಲ್ ಡಬ್ಬಿಯೊಂದು ಮನೆಯಲ್ಲಿ ಕಾಣುತ್ತಿರಲಿಲ್ಲ. ಎದುರು ಖೋಲಿಯ ಉಡುಪಿಯ ಅಮ್ಮ, ನೌಪಾಡಾದಲ್ಲಿ ಹೋಟೆಲಿಟ್ಟವರ ಹೆಂಡತಿ, ಬಾಗಿಲಲ್ಲೇ ನಿಂತು ಹೇಳಿದರು: "ನಿಮ್ಮ ಡಬ್ಬಿ ಆ ಮಾವಶಿ ಮನೆಯಲ್ಲುಂಟು ಮಾರಾಯ್ರೆ. ನಿನ್ನೆ ಕೆಲಸಕ್ಕೆ ಬರ್ಲಿಲ್ಲಂತ ಕೇಳ್ಲಿಕ್ಕೆ ಹೋಗಿದ್ದೆ. ಫಳಫಳ ಹೊಳೀತಾ ಇತ್ತು. ಹೆಸರು ಓದಿಯೇ ಬಂದದ್ದು ನಾನು."

ಮಾವಶಿ ಎಂದರೆ ನಮ್ಮ ಸಾಲಿನ ನಾಲ್ಕು ಮನೆಗಳ ಭಾಂಡಿ ತಿಕ್ಕುತ್ತಿದ್ದ ಹೆಂಗಸು. ಮುರಬಾಡ ಕಡೆಯ ಹಳ್ಳಿಯವಳು. ಗಂಡ ತೀರಿಕೊಂಡಿದ್ದ. ಆ ನಾಲ್ಕು ಮನೆಗಳ ಕೆಲಸವೇ ಅವಳ ಅನ್ನ.

"ಪೊಲೀಸ್ರು ಬ್ಯಾಡ, ನಾನ ವಿಚಾರಣೆ ಮಾಡ್ತೀನಿ," ಎಂದೆ. ಅರ್ಧ ಕಲಿತ ವಿದ್ಯೆ ಮೈತುಂಬ ತುರಿಕೆ ಎಬ್ಬಿಸಿತ್ತು. ಕಳುವಾದ ಮಾಲು ಸ್ವಲ್ಪ ದಿನದಲ್ಲೇ ಯಾರ ಹತ್ತಿರ ಸಿಗುತ್ತದೋ ಅವರು ಸರಿಯಾದ ಕಾರಣ ಕೊಡದಿದ್ದರೆ ಅವರೇ ಕಳ್ಳರೆಂದು ಭಾವಿಸಬಹುದು; ಆ ವಾರವಷ್ಟೇ ತರಗತಿಯಲ್ಲಿ ಕೇಳಿದ್ದ ಪಾಠ.

ಹೇಳಿಕಳಿಸಿದೊಡನೆ ಮಾವಶಿ ಡಬ್ಬಿಯನ್ನು ತೊಳೆದು, ಸೆರಗಿನಲ್ಲಿ ಒರೆಸಿ ತಂದು ನೆಲದ ಮೇಲಿಟ್ಟಳು. "ಮುದ್ದೆಮಾಲು," ಎಂದು, ಕಳವಿನ ವಸ್ತುವಿಗೆ ಕೋರ್ಟಿನವರು ಅನ್ನುವಂತೆ, ಗಂಭೀರವಾಗಿ ಘೋಷಿಸಿದೆ. ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕೆನ್ನಿಸುತ್ತದೆ.

"ಆಜೀನೇ ದಿಲಾ," ಎಂದಳು. ಹಬ್ಬಕ್ಕೆ ಬಂದು ಗದಗಿಗೆ ಹಿಂತಿರುಗಿದ್ದ ನಮ್ಮ ಅಜ್ಜಿ ಹೋಳಿಗೆ ಹಾಕಿ ಕೊಟ್ಟಳಂತೆ.

"ಅತ್ತಿ ಸ್ಟೀಲ್ ಡಬ್ಬ್ಯಾಗ ಹಾಕಿ ಕೊಟ್ಟಾರಂತ! ಕೇಳೋರಿದ್ರ ಹೇಳೋರಿಗೇನು," ಎಂದು ಅವ್ವ ಮುಖ ತಿರುಗಿಸಿದಳು. ಅವ್ವ ನಂಬದಿರಲು ಕಾರಣವಿತ್ತು. ಸ್ಟೀಲ್ ಡಬ್ಬಿ ಹೋಗುತ್ತಿದ್ದದ್ದು ನೆರೆಮನೆಗಳಿಗೆ. ಕೆಲಸದವಳಿಗೆ ಕೊಡುವುದೇನಿದ್ದರೂ ಹಳೆಯ ಪೇಪರಿನಲ್ಲಿ, ಇಲ್ಲವೇ ಅವಳದೇ ಪಾತ್ರೆಯಲ್ಲಿ. ಯಾರೂ ಬರೆದಿಡದ ಆ ಕಾಯಿದೆಯನ್ನು ಇಡೀ ಚಾಳು ಚಾಚೂ ತಪ್ಪದೆ ಪಾಲಿಸುತ್ತಿತ್ತು.

"ಅಜ್ಜಿಯೇ ಕೊಟ್ಟಿದ್ದರೆ ಮೂರು ವಾರ ಯಾಕೆ ತಿರುಗಿ ಕೊಡಲಿಲ್ಲ?" ಎಂದು ನನ್ನ ಹರಕುಮುರುಕು ಮರಾಠಿಯಲ್ಲಿ ಕೇಳಿದೆ. ಅವಳು ಏನೋ ಹೇಳಹೊರಟು, ಅವ್ವನ ಮುಖ ನೋಡಿ, ತಲೆ ತಗ್ಗಿಸಿದಳು. ಮೌನಂ ಸಮ್ಮತಿ ಲಕ್ಷಣಂ ಎಂದು ತೀರ್ಪು ಕೊಟ್ಟುಬಿಟ್ಟೆ. ಅವ್ವ ಅಂದೇ ಕೆಲಸ ಬಿಡಿಸಿದಳು. ಎರಡು ದಿನದಲ್ಲಿ ಉಳಿದ ಮೂರು ಮನೆಯವರೂ ಬಿಡಿಸಿದರು. ಪೊಲೀಸರಿಗೆ ಕೊಡದೆ ದೊಡ್ಡ ಉಪಕಾರ ಮಾಡಿದೆವೆಂದೇ ನಾನು ತಿಳಿದಿದ್ದೆ.

ಮುಂದಿನ ವಾರ ಪಾಠ ಮುಗಿದ ಮೇಲೆ ನಮ್ಮ ಮೇಷ್ಟರಿಗೆ ಇದನ್ನು ಬೇರೆ ಯಾರದೋ ಮನೆಯ ಕತೆಯೆಂಬಂತೆ ಹೇಳಿದೆ. ಶಾಭಾಸ್ ಅನ್ನಿಸಿಕೊಳ್ಳುವ ಆಸೆ. ಅವರು ಕನ್ನಡಕ ತೆಗೆದು ಕೇಳಿದರು: "ಕಳುವಾದ ಮಾಲು ಸಿಕ್ಕರೆ ಅಂತಲ್ಲವೇ ಪುಸ್ತಕದಲ್ಲಿರುವುದು? ಕಳುವಾಗಿದೆ ಅಂತ ಮೊದಲು ತೋರಿಸಿದವರು ಯಾರು? ನಿನ್ನ ಅಜ್ಜಿಯನ್ನು ಕೇಳಿದೆಯಾ?"

ಬೇರೆಯವರ ಅಜ್ಜಿ ಎಂದು ಹೇಳಲು ಬಾಯಿ ಬರಲಿಲ್ಲ. ಆರೋಪ ಹೊರಿಸಿದವನೇ ಅದನ್ನು ಸಾಬೀತು ಮಾಡಬೇಕೆಂಬುದು ಮೊದಲನೆಯ ತಿಂಗಳ ಪಾಠ. ನಾನು ಆ ಭಾರವನ್ನೆಲ್ಲ ಅವಳ ತಲೆಗೇ ಕಟ್ಟಿದ್ದೆ. ಮರುದಿನವೇ ಅಜ್ಜಿಗೆ ಕಾರ್ಡು ಹಾಕಿದೆ. ಹತ್ತು ದಿನಕ್ಕೆ ಉತ್ತರ ಬಂತು.

"ಹೌದಪಾ, ನಾನ ಕೊಟ್ಟೀನಿ. ಹೋಳಿಗಿ ಪೇಪರಿನ್ಯಾಗ ಕಟ್ಟಿದ್ರ ತುಪ್ಪ ಎಲ್ಲಾ ಅದಕ್ಕ ಹೋಗ್ತದ. ಖಾಲಿ ಡಬ್ಬಿ ತಿರುಗಿ ತರಬ್ಯಾಡ, ಏನರ ಹಾಕ್ಕೊಂಡು ಬಾ ಅಂತ ನನಗ ಬಂದಷ್ಟು ಮರಾಠಿಯೊಳಗ ಚ್ಯಾಷ್ಟಿ ಮಾಡಿದ್ದೆ. ಯಾಕ, ಏನಾತು?"

ಅವ್ವ ಓದಿ ಕಣ್ಣೊರೆಸಿಕೊಂಡಳು. ನಾನು ನಾಚಿಕೆಯಿಂದಲೇ ಚಪ್ಪಲಿ ಮೆಟ್ಟಿ ಹೊರಟೆ. ಮಾವಶಿಯ ಖೋಲಿಗೆ ಹೋದರೆ ಬೀಗ. ಕೆಲಸವಿಲ್ಲದೆ ಹಳ್ಳಿಗೆ ಹೋಗಿದ್ದಳು. ಅವ್ವ ಮೂರೂ ಮನೆಗೆ ಹೋಗಿ ಅವಳ ತಪ್ಪಿಲ್ಲವೆಂದು ಹೇಳಿ ಬಂದಳು. ಅಷ್ಟರಲ್ಲಿ ಅವರೆಲ್ಲ ಬೇರೆಯವರನ್ನು ಇಟ್ಟುಕೊಂಡಾಗಿತ್ತು. "ಆದ್ರೂ ಬೆಂಕಿ ಇಲ್ಲದೆ ಹೊಗೆ ಬರ್ತದಾ?" ಎಂದರು ಉಡುಪಿಯ ಅಮ್ಮ. ನಿರಪರಾಧಿ ಎಂದು ಬಿಟ್ಟ ಮೇಲೂ ಶಿಕ್ಷೆ ಹೀಗೆ ಉಳಿದುಬಿಟ್ಟರೆ ಅದನ್ನು ಯಾವ ಮೇಲ್ಮನವಿಯಲ್ಲಿ ರದ್ದು ಮಾಡಿಸುವುದು? ನಮ್ಮ ಪುಸ್ತಕಗಳಲ್ಲಿ ತುಂಬಾ ಹುಡುಕಿದೆ, ಸಿಗಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಮಾವಶಿ ಬಾಗಿಲಿಗೆ ಬಂದಳು. ಕೈಯಲ್ಲಿ ಬಟ್ಟೆಯ ಗಂಟು. ಒಳಗೆ ಕರೆದರೂ ಬರಲಿಲ್ಲ.

"ತೋ ಡಬಾ ದ್ಯಾ," ಎಂದಳು.

ಅವ್ವ ಡಬ್ಬಿಯನ್ನು ತೆಗೆದುಕೊಟ್ಟಳು. ಮಾವಶಿ ಹೊಸ್ತಿಲಲ್ಲೇ ಕೂತು ಗಂಟು ಬಿಚ್ಚಿದಳು. ಊರಿನ ಗುಡ್ಡದಲ್ಲಿ ಆರಿಸಿದ ಕಪ್ಪು ಕವಳಿಹಣ್ಣು. ಡಬ್ಬಿ ತುಂಬ ಸುರಿದು, ಮುಚ್ಚಳ ಒತ್ತಿ, ಅವ್ವನ ಕೈಗೆ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ರಿಕಾಮಾ ಕಸಾ ದ್ಯಾಯಚಾ?" ಎಂದಳು. ಖಾಲಿ ಹೇಗೆ ಕೊಡುವುದು? ನಾನು ಅಂದು ಕೇಳಿದ್ದ ಪ್ರಶ್ನೆಗೆ ಅದು ಉತ್ತರ. ಹಣ್ಣಾಗುವ ಕಾಲಕ್ಕೆ ಅವಳು ಕಾಯುತ್ತಿದ್ದಳು.

"ನಾಳಿಂದ ಬಾ ಮಾವಶಿ," ಎಂದು ಅವ್ವ ಅವಳ ಕೈ ಹಿಡಿದಳು. ಕಲ್ಯಾಣದಲ್ಲಿ ಬೇರೆ ಮನೆಗಳು ಸಿಕ್ಕಿವೆ ಎಂದಳು ಮಾವಶಿ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಖಾಲಿಯಾದ ಅವಳ ಗಂಟಿನ ಬಟ್ಟೆಗೆ ಹಾಕಲು ಏನಾದರೂ ತರೋಣವೆಂದು ಅವ್ವ ಒಳಗೆ ಓಡಿದಳು, ಬರುವಷ್ಟರಲ್ಲಿ ಅವಳು ಮೆಟ್ಟಿಲಿಳಿದು ಹೋಗಿದ್ದಳು.

ಆ ವರ್ಷದ ಪರೀಕ್ಷೆಯಲ್ಲಿ, ಸಾಬೀತು ಮಾಡುವ ಭಾರ ಯಾರದೆಂದು ಉದಾಹರಣೆ ಸಹಿತ ಬರೆಯಿರಿ ಎಂಬ ಪ್ರಶ್ನೆಯಿತ್ತು. ಉದಾಹರಣೆಗಾಗಿ ದೂರ ಹೋಗಬೇಕಾಗಲಿಲ್ಲ. ಒಳ್ಳೆಯ ಅಂಕ ಬಂದವು. ಅವ್ವನಿಗೆ ಅದನ್ನು ಹೇಳಲಿಲ್ಲ.