ಗಾಲಿಯ ಸದ್ದು

ನಮ್ಮ ದೊಡ್ಡಮ್ಮ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುತ್ತಾಳೆ. ಹತ್ತು ವರ್ಷದ ಹಿಂದೆ ಅವಳು ಸೇರಿದಾಗ ಅಲ್ಲಿದ್ದದ್ದು ಒಂದೇ ಕಟ್ಟಡ, ನಲವತ್ತು ಮಂಚ. ಈಗ ಐದು ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡಿವೆ. ದೊಡ್ಡಮ್ಮನಿಗೆ ಓದಲು ಬರುವುದಿಲ್ಲ. ಅದು ಮನೆಯವರಿಗೆ ಮಾತ್ರ ಗೊತ್ತು. ಅವಳು ದಾರಿ ಹಿಡಿಯುತ್ತಿದ್ದದ್ದು ಗಾಲಿಯ ಸದ್ದಿನಿಂದ. ಹಳೆಯ ಕಟ್ಟಡದ ಕಲ್ಲಿನ ಮೇಲೆ ಗಡಗಡ, ಮಕ್ಕಳ ವಾರ್ಡಿನ ಸಿಮೆಂಟಿನ ಮೇಲೆ ಗರಗರ, ಆಪರೇಷನ್ ಥಿಯೇಟರಿನ ಮುಂದೆ ಸದ್ದೇ ಇಲ್ಲ.

ಕಳೆದ ತಿಂಗಳು ಹದಿನೈದು ದಿನ ಜ್ವರದಲ್ಲಿ ಮಲಗಿ ಎದ್ದು ರಾತ್ರಿ ಪಾಳಿಗೆ ಹೋದಾಗ ಎಲ್ಲ ನೆಲಕ್ಕೂ ಒಂದೇ ನುಣುಪು ಹಾಸು ಅಂಟಿಸಿದ್ದರು. ಗಾಲಿ ಎಲ್ಲಿಯೂ ಸದ್ದು ಮಾಡಲಿಲ್ಲ. ಸ್ಟ್ರೆಚರಿನ ಮೇಲೆ ಕರುಳು ತಿರುಚಿಕೊಂಡ ಒಬ್ಬ ಟೀಚರಮ್ಮ ನರಳುತ್ತಿದ್ದರು. ಥಿಯೇಟರಿಗೆ ತಲುಪುವುದು ತಡವಾದರೆ ಕಷ್ಟ ಎಂದಿದ್ದರು ಡಾಕ್ಟರು. ನಾಲ್ಕು ತಿರುವು ದಾಟಿದ ಮೇಲೆ ಮೊದಲಿನ ಬಾಗಿಲೇ ಮತ್ತೆ ಬಂತು. ಕೇಳೋಣವೆಂದರೆ ನರಪಿಳ್ಳೆಯೂ ಇರಲಿಲ್ಲ.

"ಇಲ್ಲಿಗೆ ಆಗ್ಲೇ ಬಂದಿದ್ವಲ್ಲ," ಎಂದರು ಟೀಚರಮ್ಮ. "ನನ್ನ ಮೆರವಣಿಗೆ ಮಾಡಿಸ್ತಿದ್ದೀರೇನಮ್ಮ?"

ಕೆಲಸ ಹೋದರೆ ಹೋಗಲಿ, ಈ ಜೀವ ಹೋಗಬಾರದು ಎನಿಸಿತು ದೊಡ್ಡಮ್ಮನಿಗೆ.

"ನಂಗೆ ಓದೋಕೆ ಬರಲ್ಲ ತಾಯಿ. ಮೇಲಿರೋ ಬೋರ್ಡು ನೀವೇ ಓದಿ ಹೇಳಿ."

ಟೀಚರಮ್ಮ ಒಂದು ಗಳಿಗೆ ನರಳುವುದನ್ನೇ ಮರೆತರು. ಆಮೇಲೆ ಹಲ್ಲು ಕಚ್ಚಿಕೊಂಡು, ಮಲಗಿದಲ್ಲಿಂದಲೇ ಒಂದೊಂದೇ ಬೋರ್ಡು ಓದುತ್ತ ಥಿಯೇಟರಿನ ಬಾಗಿಲವರೆಗೂ ದಾರಿ ಹೇಳಿದರು.

ಅವರು ಬದುಕಿದರು, ಯಾರಿಗೂ ಏನೂ ಹೇಳಲಿಲ್ಲ. ಆದರೂ ದೊಡ್ಡಮ್ಮ ಅಂದಿನಿಂದ ಊಟದ ತಟ್ಟೆಯನ್ನು ಅರ್ಧಕ್ಕೇ ಸರಿಸಿಬಿಡುತ್ತಾಳೆ.

"ನಾಳೆ ಎಚ್ಚರ ತಪ್ಪಿದೋರನ್ನ ಮಲಗಿಸಿದ್ರೆ," ಎನ್ನುತ್ತಾಳೆ, "ಯಾರನ್ನ ಕೇಳ್ಲಿ?"